ಮೇ ಹೂ ಬಾಡಿದ ಮೇಲೆ

ಮೇ ಹೂವಿನಷ್ಟು ಜಂಬದ ಹೂ ಇನ್ನೊಂದಿಲ್ಲ. ಚಳಿಗಾಲವೆಲ್ಲ ನೆಲದೊಳಗೆ ಸದ್ದಿಲ್ಲದೆ ಮಲಗಿರುತ್ತದೆ. ಒಂದು ಅಡ್ಡಮಳೆ ಬಿದ್ದದ್ದೇ ತಡ, ಎಲೆ ಮೂಡುವುದಕ್ಕೂ ಕಾಯದೆ ಬರೀ ದಂಟಿನ ಮೇಲೊಂದು ಕೆಂಪು ಚೆಂಡು! ಆಫ್ರಿಕಾ ಮೂಲದ ಈ ಗೆಡ್ಡೆ ಮಹಾರಾಷ್ಟ್ರದ ವೈಜಾಪುರದ ನಮ್ಮ ಬಾಡಿಗೆ ಮನೆಗೆ ಬಂದದ್ದು ಸಾಗರದಿಂದ, ಅಮ್ಮನ ಹಳೇ ಸೀರೆಯ ತುಂಡಿನಲ್ಲಿ. ಕಾಂಪೌಂಡಿನ ಗುಂಟ ಸಾಲಾಗಿ ನೆಟ್ಟೆ. ಅರಳಿದಾಗ ಹಾಲಿನವನೂ ಸೈಕಲ್ ನಿಲ್ಲಿಸಿ ನೋಡುತ್ತಾನೆ. ಹೂ ಬಾಡಿದ ಮೇಲೆ ಆ ಜಾಗ ಮದುವೆ ಮುಗಿದ ಚಪ್ಪರ.

ಶ್ರೀನಗರದ ಟುಲಿಪ್ ತೋಟದ ಪಾಡೂ ಇದೇ ಅಲ್ಲವೆ? ಆ ತೋಟದ ಚಿತ್ರಗಳು ಪ್ರತಿ ಏಪ್ರಿಲಿನಲ್ಲಿ ನನ್ನ ಮೊಬೈಲ್ ತುಂಬುತ್ತವೆ. ಬಣ್ಣ ಮುಗಿದ ಮೇಲಿನ ಚಿತ್ರವನ್ನು ಯಾರೂ ಕಳಿಸಿದ್ದಿಲ್ಲ.

ಈ ಚಿಂತೆಯನ್ನು ಇಡೀ ಊರಿಗೇ ಅನ್ವಯಿಸುವಂತೆ ಬಿಡಿಸಿದವನು ಕ್ರುಂಬಿಗಲ್. 1908ರಲ್ಲಿ ಲಾಲ್‌ಬಾಗಿಗೆ ಬಂದ ಈ ಜರ್ಮನ್ ತೋಟಗಾರ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಲೆಕ್ಕ ಹಾಕಿದ. ನನಗೆ ಖುಷಿ ಕೊಡುವ ಸಂಗತಿ ಬೇರೆಯೇ ಇದೆ. ಅವನು ಮೈಸೂರು ಸೀಮೆಗೆ ಬರುವ ಮುನ್ನ ದುಡಿದದ್ದು ಬರೋಡಾದಲ್ಲಿ, ಸಯಾಜಿರಾವ್ ಗಾಯಕವಾಡರ ಬಳಿ. ಆ ಮಹಾರಾಜರು ಹುಟ್ಟಿದ್ದು ನಮ್ಮ ಪಕ್ಕದ ನಾಸಿಕ್ ಜಿಲ್ಲೆಯ ಕವಳಾಣಾ ಎಂಬ ಹಳ್ಳಿಯ ರೈತರ ಮನೆಯಲ್ಲಿ. ಲಾಲ್‌ಬಾಗಿನ ಋಣದಲ್ಲಿ ಈ ಸೀಮೆಗೂ ಒಂದು ಪಾಲಿದೆ ಎಂದು ನೆರೆಯವರಿಗೆ ಹೇಳಿ ಬೀಗುತ್ತಿರುತ್ತೇನೆ.

ಮರದ ಲೆಕ್ಕವನ್ನೇ ನಾನು ಮೊಳದಗಲದ ಪಾತಿಗೆ ಇಳಿಸಿಕೊಂಡೆ. ಇಲ್ಲಿಯದು ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗೆ ಚಪ್ಪಲಿ ಕಚ್ಚಿಕೊಳ್ಳುವ ಅಂಟು. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಹಾಗಾಗಿ ಮರಳು, ಗೊಬ್ಬರ ಬೆರೆಸಿ ಪಾತಿಯನ್ನು ಎತ್ತರಿಸಬೇಕಾಯಿತು. ಮೇ ಹೂವಿನ ಸಾಲಿನ ಮುಂದೆ ಜೂನಿನಲ್ಲಿ ಗೌರಿಹೂವಿನ ಬೀಜ. ಇಲ್ಲಿಯವರು ಅದನ್ನು ತೇರಡಾ ಎನ್ನುತ್ತಾರೆ, ಭಾದ್ರಪದದಲ್ಲಿ ಆ ಗಿಡವನ್ನೇ ಗೌರಿಯೆಂದು ಮನೆಗೆ ತರುತ್ತಾರೆ. ತೇರಡಾದ ಬಣ್ಣ ಮೂರೇ ದಿನ ಎಂಬುದು ಮರಾಠಿ ಗಾದೆ. ಗಾದೆ ಕಟ್ಟಿದವರು ಒಂದೇ ಹೂ ನೋಡಿರಬೇಕು. ಕಾಂಡದ ಗುಂಟ ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುವ ಗಿಡ ತಿಂಗಳು ದಾಟಿಸುತ್ತದೆ. ಬಲಿತ ಕಾಯಿ ಮುಟ್ಟಿದರೆ ಸಾಕು, ಫಟ್ಟನೆ ಸಿಡಿದು ಸಿಪ್ಪೆ ಸುರುಳಿ ಸುತ್ತುತ್ತದೆ, ಬೀಜ ಅಂಗಳಕ್ಕೆಲ್ಲ ಚೆಲ್ಲುತ್ತದೆ. ಮರುವರ್ಷ ಬಿತ್ತುವ ಕೆಲಸವೂ ಉಳಿಯಿತು.

ಹಿಂದಿನ ಸಾಲಿಗೆ ಸುಗಂಧರಾಜ. ಅದು ಮೆಕ್ಸಿಕೋದ್ದು. ಚೆಂಡುಹೂವೂ ಅಲ್ಲಿಯದೇ. ಆದರೂ ಚೆಂಡುಹೂವಿಲ್ಲದೆ ಮಹಾರಾಷ್ಟ್ರದ ದಸರಾ ಬಾಗಿಲಿಗೆ ತೋರಣವಿಲ್ಲ. ಬಿತ್ತಿ ಎರಡು ತಿಂಗಳಿಗೆ ಹೂ ಎಂದು ಇಟ್ಟುಕೊಂಡು, ದಸರಾದಿಂದ ಹಿಂದಕ್ಕೆ ಎಣಿಸಿ ಬೀಜ ಹಾಕಬೇಕು. ತಡ ಮಾಡಿದರೆ ಹಬ್ಬದ ದಿನ ಪೇಟೆಯವರು ಹೇಳಿದ್ದೇ ರೇಟು.

ಕೊನೆಯ ಸರದಿ ಸೇವಂತಿಗೆಯದು. ಜುಲೈಯಲ್ಲಿ ಕುಡಿ ಚಿವುಟಿದರೆ ಗಿಡ ಪೊದೆಯಾಗುತ್ತದೆ, ಹಗಲು ಕುಗ್ಗಿದ ಮೇಲೆಯೇ ಮೊಗ್ಗು. ಬೀದಿದೀಪದ ಕೆಳಗಿನ ಗಿಡವೊಂದು ಬೇರೆಲ್ಲ ಅರಳಿದರೂ ಹಸಿರಾಗಿಯೇ ನಿಂತಿತ್ತು. ರಾತ್ರಿಯೆಲ್ಲ ಬೆಳಕು ಬಿದ್ದರೆ ಪಾಪ, ಹಗಲು ಕುಗ್ಗಿದ್ದು ಅದಕ್ಕೆ ತಿಳಿಯುವುದಾದರೂ ಹೇಗೆ? ಗೋಡೆಯ ನೆರಳಿಗೆ ಕಿತ್ತು ನೆಟ್ಟ ಮೇಲೆ ಮೊಗ್ಗು ಹಿಡಿಯಿತು.

ಇಷ್ಟೆಲ್ಲ ಬಣ್ಣದ ನಡುವೆ ಮೇ ಹೂವಿನ ಅಗಲವಾದ ಎಲೆಗಳು ದೀಪಾವಳಿಯವರೆಗೂ ಕೂತಿರುತ್ತವೆ. ಹೂವಿಲ್ಲದ ಎಲೆ ಏಕೆಂದು ಕೆಲಸದವಳು ಕುಡುಗೋಲು ಹಿಡಿದೇ ಕೇಳಿದ್ದಳು. ಮುಂದಿನ ಮೇ ತಿಂಗಳ ಹೂವಿಗೆ ಗೆಡ್ಡೆ ಊಟ ಕೂಡಿಟ್ಟುಕೊಳ್ಳುವುದು ಆ ಎಲೆಗಳಿಂದಲೇ. ನಿಮ್ಮ ಮನೆಯಲ್ಲೂ ಇದ್ದರೆ, ಅವು ತಾವಾಗಿ ಹಳದಿಯಾಗಿ ಒರಗುವವರೆಗೆ ದಯವಿಟ್ಟು ಕತ್ತರಿಸಬೇಡಿ. ನೋಡಲು ಬೇಸರವಾದರೆ ಮುಂದೆ ನಾಲ್ಕು ಗೌರಿಹೂವಿನ ಬೀಜ ಹಾಕಿ.