ನನ್ನ ಸಹಪ್ರವಾಸಿ ಕಾಳಿ

ಪುಸ್ತಕದ ಗಂಟು ಹೊತ್ತು ಊರೂರು ಅಲೆಯುವ ಗೀಳು ನನ್ನೊಬ್ಬನದೇ ಅಲ್ಲ. ಅದು ನಮ್ಮ ಹಾವೇರಿ ಸೀಮೆಯ ಗಾಳಿಯಲ್ಲಿಯೇ ಇದೆ. ಕಾದಂಬರಿಕಾರ ಗಳಗನಾಥರು (1869-1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮಾರಿದವರು. ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಮೇಲೆ ನಾನೂ ಹಿರೇಬೆಂಡಿಗೇರಿಯಿಂದ ಸೈಕಲ್ಲು ಹತ್ತಿ, ಶಿಗ್ಗಾಂವಿ, ಸವಣೂರು, ಹಾನಗಲ್ಲ ಕಡೆಯ ಸಂತೆ-ಜಾತ್ರೆಗಳಲ್ಲಿ ಪುಸ್ತಕ ಮಾರತೊಡಗಿದೆ. ಅವರು ಬರೆದು ಮಾರಿದರು, ನಾನು ಬರೆಯದೆ ಮಾರುತ್ತೇನೆ, ಇಷ್ಟೇ ಅಂತರ! ಇನ್ನೊಂದು ಅಂತರವೂ ಉಂಟು: ನನ್ನ ಸಂಗಡ ಕುಂಟುಗಾಲಿನ ಒಂದು ಕರಿಯ ನಾಯಿ ಇದೆ.

"ಮಾಸ್ತರು ನಾಯಿಯ ಜೀವ ಉಳಿಸಿದರು" ಎಂದು ಜನ ಹೊಗಳಿದಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ. ಅವರು ಅದನ್ನು ವಿನಯವೆಂದು ಎಣಿಸುತ್ತಾರೆ. ನಿಜ ಸಂಗತಿಯನ್ನು ಇಂದು ವಾಚಕರ ಮುಂದಿಡುತ್ತೇನೆ.

ಅಂದು ಬೆಳಿಗ್ಗೆ ಶಿಗ್ಗಾಂವಿಯಿಂದ ಬಂಕಾಪುರದ ಕಡೆಗೆ ಹೊರಟಿದ್ದೆ. ಪುಣೆ-ಬೆಂಗಳೂರು ಹೆದ್ದಾರಿಯ ಅಂಚಿನಲ್ಲಿ ಯಾವುದೋ ವಾಹನ ಕೆಡವಿಹೋದ ಈ ನಾಯಿ ಬಿದ್ದಿತ್ತು. ತಲೆಯೆತ್ತಿ ನನ್ನನ್ನು ನೋಡಿತು. ಸಂತೆಯಲ್ಲಿ ಒಳ್ಳೆಯ ಜಾಗ ತಪ್ಪೀತೆಂಬ ಆತುರ ನನಗೆ. 'ಇನ್ನೆಷ್ಟು ಹೊತ್ತು ಬದುಕೀತು!' ಎಂದು ನನ್ನಷ್ಟಕ್ಕೆ ನಾನೇ ತೀರ್ಪುಕೊಟ್ಟು ಮುಂದೆ ಸಾಗಿದೆ. ಸಂಜೆ ಅದೇ ದಾರಿಯಲ್ಲಿ ಮರಳುವಾಗ ನೋಡಿದರೆ ನಾಯಿ ಅಲ್ಲಿಯೇ ಇತ್ತು. ಇಡೀ ದಿನದ ಬಿಸಿಲನ್ನು ಕುಡಿದು, ಜೀವ ಹಿಡಿದುಕೊಂಡು, ಪುನಃ ತಲೆಯೆತ್ತಿ ನೋಡಿತು.

ಆಗ ಸೈಕಲ್ಲಿನಿಂದ ಇಳಿದೆ. ಎತ್ತಿಕೊಳ್ಳಹೋದರೆ ನೋವಿನ ಭರಕ್ಕೆ ನನ್ನ ಕೈಯನ್ನು ಕಚ್ಚಿತು. ಕಚ್ಚಿದ್ದು ನ್ಯಾಯವೇ ಎನಿಸಿತು! ಪಶು ದವಾಖಾನೆಯ ವೈದ್ಯರು ಅದರ ಮುಂಗಾಲಿಗೆ ಪಟ್ಟಿ ಕಟ್ಟುವ ಮೊದಲು ನನ್ನನ್ನು ನಲ್ಲಿಯ ಕೆಳಗೆ ನಿಲ್ಲಿಸಿ, ಗಾಯವನ್ನು 15 ನಿಮಿಷ ಸಾಬೂನಿನಿಂದ ತೊಳೆಸಿದರು. ಹುಚ್ಚುನಾಯಿ ರೋಗದ ಲಕ್ಷಣ ತಲೆದೋರಿದ ಮೇಲೆ ಗುಣಪಡಿಸುವ ಔಷಧವಿಲ್ಲ, ಆದ್ದರಿಂದ ಈಗಲೇ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿರೆಂದು ಎಚ್ಚರಿಸಿದರು. ಹೇಳಿದ ದಿನಗಳಂದು ತಪ್ಪದೆ ಹಾಕಿಸಿಕೊಂಡೆ. ನಾಯಿಯ ಕಾಲು ಸೊಟ್ಟಗೆ ಕೂಡಿಕೊಂಡಿತು. ಅದು ನನ್ನ ಬೆನ್ನು ಬಿಡಲಿಲ್ಲ.

ಅದಕ್ಕೆ ಕಾಳಿ ಎಂದು ಹೆಸರಿಟ್ಟೆ. ಬಣ್ಣದ ಮೂಲಕ ಬಂದ ಹೆಸರೆಂದು ಜನ ತಿಳಿದಿದ್ದಾರೆ. ಆದರೆ ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದ ಆತಕೂರು ಶಾಸನದ ಕಥೆಯಲ್ಲಿ ಆ ಹೆಸರಿದೆ. ಕ್ರಿ.ಶ. 949-50ರ ಆ ಶಾಸನ ಮಂಡ್ಯ ಜಿಲ್ಲೆಯ ಆತಕೂರಿನದು. ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ದೊರೆ, ಬೇಕಾದುದನ್ನು ಕೇಳೆಂದಾಗ ಆ ವೀರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಒಂದು ಹಂದಿಯೊಡನೆ ಸೆಣಸಿ, ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. "ನಾಯಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು, ಮಕ್ಕಳೇ!" ಎಂದು ನಾನು ಎದೆಯುಬ್ಬಿಸಿ ಪಾಠ ಮುಗಿಸುತ್ತಿದ್ದೆ.

ಕಾಳಿಯೊಡನೆ ದಾರಿ ಸಾಗುವುದಕ್ಕೆ ಬೇರೆಯೇ ಪಂಚಾಂಗ ಬೇಕು. ಬೇಸಿಗೆಯ ಡಾಂಬರು ಅದರ ಅಂಗಾಲನ್ನು ಸುಡುತ್ತದೆ. ಆದಕಾರಣ ಬಿಸಿಲೇರುವ ಮೊದಲು ಮತ್ತು ಹೊತ್ತು ಇಳಿದ ಮೇಲೆ ಮಾತ್ರ ಪ್ರಯಾಣ. ದಣಿದರೆ ಹಿಂದಿನ ಬುಟ್ಟಿಯಲ್ಲಿ ಪುಸ್ತಕಗಳ ಪಕ್ಕದಲ್ಲಿ ಅದಕ್ಕೂ ಆಸನ. ಪ್ರತಿ ಊರ ಅಗಸೆಯಲ್ಲಿ ಅಲ್ಲಿಯ ನಾಯಿಗಳ ಪಹರೆ! ಅಲ್ಲಿ ಸೈಕಲ್ಲಿನಿಂದ ಇಳಿದು, ಅವುಗಳ ಮೂಸಿ ನೋಡುವ ವಿಚಾರಣೆ ಮುಗಿಯುವವರೆಗೆ ನಿಲ್ಲಬೇಕು. ಸವಣೂರಿನ ದೊಡ್ಡ ಹುಣಸೆಮರಗಳ ಕೆಳಗೆ ನಾವಿಬ್ಬರೂ ಒಂದೇ ರೊಟ್ಟಿಯನ್ನು ಹಂಚಿ ತಿಂದಿದ್ದೇವೆ. ಲಾರಿಯ ಹಾರ್ನು ಕೇಳಿದರೆ ಮಾತ್ರ ಇಂದಿಗೂ ಅದು ನಡುಗಿ ನನ್ನ ಧೋತರದ ಮರೆಗೆ ಬರುತ್ತದೆ.

ಒಮ್ಮೆ ಕೊಯ್ಲಾದ ಹೊಲದಲ್ಲಿ ಕುರಿ ತರುಬಿದ್ದ ಹಾಲುಮತದ ಹಿರಿಯರೊಬ್ಬರ ಬಳಿ ರಾತ್ರಿ ತಂಗಿದ್ದೆ. ಮೈಲಾರಲಿಂಗನ ಒಕ್ಕಲಾದ ಅವರಿಗೆ ನಾಯಿಯೆಂದರೆ ದೈವದ ಸಂಗಡಿಗ. ಅವರು ಕಾಳಿಯ ಕಾಲನ್ನು ಸವರಿ, "ಮಾಸ್ತರ, ಇದು ನಿಮ್ಮ ಬೆನ್ನ ಹತ್ತಿಲ್ರಿ, ನೀವ ಇದರ ಬೆನ್ನ ಹತ್ತೀರಿ" ಎಂದು ನಕ್ಕರು. ನಾನು ನಗಲಿಲ್ಲ. ಮಾತು ಸರಿಯಾದ ಜಾಗಕ್ಕೇ ತಾಗಿತ್ತು.

ಕಳೆದ ವರ್ಷ ಬಂಕಾಪುರದ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಥೆ ಹೇಳಲು ಕರೆದರು. ಕಾಳಿ ನನ್ನ ಕಾಲಬಳಿ ಮಲಗಿತ್ತು. ರೂಢಿಯಂತೆ ಆತಕೂರಿನ ಕಥೆಯನ್ನು ಹೇಳಿದೆ. "ನಾಯಿಗೂ ಕಲ್ಲು ನಿಲ್ಲಿಸಿದ ನಾಡು..." ಎಂಬಲ್ಲಿಗೆ ಬಂದಾಗ ನಾಲಗೆ ತಡವರಿಸಿತು. ಕೊನೆಗೆ ಹೆದ್ದಾರಿಯ ಕಥೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟೆ. ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಎದ್ದುನಿಂತು ಕೇಳಿದಳು:

"ಸರ್, ಮುಂಜಾನೆನ ಯಾಕ ನಿಲ್ಲಲಿಲ್ರಿ?"

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು. ಸಂತೆಯಲ್ಲಿ ಜಾಗ ಹಿಡಿಯಲು ಎಂದು ಹೇಳಲು ಬಾಯಿ ಬರಲಿಲ್ಲ. ಅವಳು ಉತ್ತರಕ್ಕಾಗಿ ಕಾಯಲಿಲ್ಲ. ಬಂದು ಕಾಳಿಯ ಮುಂದೆ ಕುಳಿತು ಅದರ ಸೊಟ್ಟಗಾಲನ್ನು ಮೆಲ್ಲಗೆ ಮುಟ್ಟಿದಳು. ಕಾಳಿ ಕಣ್ಣುಮುಚ್ಚಿ ಬಾಲವಾಡಿಸಿತು.

ಅಂದಿನಿಂದ ನನ್ನ ಬುಟ್ಟಿಯಲ್ಲಿ ನಾಲ್ಕು ಪುಸ್ತಕ ಕಡಿಮೆಯಾಗಿವೆ. ಆ ಜಾಗದಲ್ಲಿ ಒಂದು ಸಾಬೂನು, ಒಂದು ನೀರಿನ ಬಾಟಲಿ, ಹಳೆಯ ಧೋತರದ ಕೆಲವು ಪಟ್ಟಿಗಳು ಇರುತ್ತವೆ. ಸಂತೆಗೆ ಎಷ್ಟೋ ಸಲ ತಡವಾಗಿ ಮುಟ್ಟುತ್ತೇನೆ. ಒಳ್ಳೆಯ ಜಾಗ ಸಿಗುವುದಿಲ್ಲ. ಎಲ್ಲರಿಗಿಂತ ಹಿಂದೆ, ಬೇಲಿಯ ಅಂಚಿನಲ್ಲಿ ಚೀಲ ಹಾಸಿ ಪುಸ್ತಕ ಹರವುತ್ತೇನೆ. ಕಾಳಿ ಅದರ ಒಂದು ತುದಿಯ ಮೇಲೆ ಮಲಗುತ್ತದೆ.