ಆಸೆಗೆಷ್ಟು, ಕಾರಿಗೆಷ್ಟು?

ಐದು ವರ್ಷ ಓಡಿದ ಕಾರೊಂದಕ್ಕೆ 8 ಲಕ್ಷ 40 ಸಾವಿರ ರೂಪಾಯಿ ಎಂದರೆ, ಕೇಳುವವರಿಗೆ ಬುದ್ಧಿ ಕಡಿಮೆಯೋ ಕೊಡಲು ಹೊರಟವರಿಗೆ ಕಡಿಮೆಯೋ ಎಂದು ನಮ್ಮ ಮನೆಯಲ್ಲಿ ಒಂದು ತಿಂಗಳು ಚರ್ಚೆ ನಡೆಯಿತು. ಕೊಡಲು ಹೊರಟವಳು ನಾನು. 2022ರ ಸೆಪ್ಟೆಂಬರ್ ತಿಂಗಳ ಮಾತು.

ಸ್ಪೋರ್ಟ್ಸ್ ಕಾರು ಎಂದೊಡನೆ ಸಿನಿಮಾದ ನಾಯಕ ಮೇಲ್ಚಾವಣಿ ತೆಗೆದು, ಸ್ಕಾರ್ಫು ಹಾರಿಸುವ ನಾಯಕಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೋಗುವ ಕಾರನ್ನು ನೆನೆಸಿಕೊಳ್ಳಬೇಡಿ. ಅದು ಕೋಟಿಯ ಲೆಕ್ಕದವರ ಮಾತು. ಮೇಷ್ಟರು ಮೇಡಮ್ಮಂದಿರ ಕೈಗೆ ಎಟುಕುವ ಸ್ಪೋರ್ಟ್ಸ್ ಕಾರು ಹೊರಗಿನಿಂದ ನೋಡಲು ಸಾಧುವೇ. ನಾಲ್ಕು ಬಾಗಿಲು, ಹಿಂದೆ ತರಕಾರಿ ಚೀಲಕ್ಕೆ ಜಾಗ, ಸಂಸಾರಸ್ಥರ ಕಾರಿನಂತೆಯೇ ಇರುತ್ತದೆ. ಒಳಗೆ ಮಾತ್ರ ಬೇರೆ. ನನ್ನ ಕಣ್ಣು ಬಿದ್ದದ್ದು ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಎಂಬ ಕಾರಿನ ಮೇಲೆ. 1.2 ಲೀಟರಿನ ಪುಟ್ಟ ಎಂಜಿನ್ನು, ಆದರೆ ಟರ್ಬೋ ಇರುವುದರಿಂದ 105 ಕುದುರೆಗಳ ಬಲ. 1983ರ ಡಿಸೆಂಬರಿನಲ್ಲಿ ದೇಶವೇ ಬಾಯಿ ಬಿಟ್ಟುಕೊಂಡು ನೋಡಿದ ಮೊದಲ ಮಾರುತಿ 800ಕ್ಕೆ 40 ಕುದುರೆಗಳ ಬಲವೂ ಇರಲಿಲ್ಲ ಎಂದರೆ ಅಂದಾಜಾದೀತು.

ಈ ಹುಚ್ಚು ಹತ್ತಿಸಿದವನು ನನ್ನ ಅಕ್ಕನ ಮಗ. ಸ್ನೇಹಿತನ ಪೋಲೋ ತಂದಿದ್ದವನು, ಮಂಗಳೂರಿನಿಂದ ಹಾಸನಕ್ಕೆ ವಾಪಸು ಬರುವಾಗ ಗುಂಡ್ಯದಲ್ಲಿ, "ಚಿಕ್ಕಮ್ಮ, ಘಾಟಿ ನೀವೇ ಹತ್ತಿಸಿ" ಎಂದು ಕೀಲಿ ಕೈಗಿಟ್ಟ. ಶಿರಾಡಿ ಘಾಟಿಯನ್ನು ನನ್ನ ಹಳೆಯ ಆಲ್ಟೋದಲ್ಲಿ ಎಷ್ಟು ಸಲ ಹತ್ತಿದ್ದೇನೋ! ಮುಂದೆ ಲಾರಿ, ಲಾರಿಯ ಮುಂದೆ ಟ್ಯಾಂಕರು. ಎರಡನೆಯ ಗೇರಿನಲ್ಲಿ ಅಳುತ್ತಾ, ಹೊಗೆ ಕುಡಿಯುತ್ತಾ, ದಾಟಲೋ ಬೇಡವೋ ಎಂದು ಪ್ರತಿ ತಿರುವಿನಲ್ಲೂ ದೇವರನ್ನು ಕೇಳುತ್ತಾ ಹೋಗುವುದು. ಅವತ್ತು ರಸ್ತೆ ತೆರವಾದ ಕಡೆ ಒಂದೇ ಒಂದು ಸಲ ಕಾಲು ಒತ್ತಿದೆ. ಲಾರಿ ಹಿಂದೆ ಬಿತ್ತು. ಅಷ್ಟೇ. ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ. ಸಕಲೇಶಪುರ ಬರುವವರೆಗೂ ನಾನು ಮಾತಾಡಲಿಲ್ಲ. ಚಿಕ್ಕಮ್ಮನಿಗೆ ಹೆದರಿಕೆಯಾಗಿದೆ ಎಂದು ಹುಡುಗ ತಿಳಿದುಕೊಂಡ.

ಆಗ ತಾನೇ ನನ್ನ ಎಲ್.ಐ.ಸಿ. ಪಾಲಿಸಿಯೊಂದು ಮುಗಿದು ಕೈಗೆ ದುಡ್ಡು ಬಂದಿತ್ತು. ಇಪ್ಪತ್ತೈದು ವರ್ಷ ಸಂಬಳದಲ್ಲಿ ಹಿಡಿಸಿದ ದುಡ್ಡು. ಮನೆಯಲ್ಲಿ ಅದಕ್ಕೆ ಆಗಲೇ ಮೂರು ಅರ್ಜಿಗಳು ಬಿದ್ದಿದ್ದವು. ನಮ್ಮವರಿಗೆ ತಾರಸಿಯ ಮೇಲೊಂದು ಕೋಣೆ, ಮಗಳಿಗೆ ಬೇಡವಾದರೂ ಮಗಳ ಮದುವೆಗೊಂದು ಠೇವಣಿ. "ಬಂಗಾರ ತಗೊಂಡ್ರೆ ಆಪತ್ತಿಗಾದ್ರೂ ಆಗತ್ತೆ, ಕಾರು ಆಪತ್ತನ್ನೇ ತರತ್ತೆ" ಎಂಬುದು ನಮ್ಮತ್ತೆಯವರ ವಾದ. ನಾಲ್ಕನೆಯ ಅರ್ಜಿ ನನ್ನದು ಎಂದಾಗ ಎಲ್ಲರೂ ನಕ್ಕರು. ಬೆಲೆ ಕೇಳಿದ ಮೇಲೆ ನಗು ನಿಂತಿತು.

ಬೆಲೆ ಹಾಗೇಕೆ ಏರಿತ್ತು ಎಂಬುದನ್ನು ಸಮಾಜವಿಜ್ಞಾನ ಪಾಠ ಮಾಡುವ ನಾನು ತಿಳಿದುಕೊಳ್ಳದೆ ಬಿಡಲಿಲ್ಲ. 2020ರ ಲಾಕ್‌ಡೌನಿನಲ್ಲಿ ಕಾರು ಯಾರು ಕೊಂಡಾರು ಎಂದು ಪ್ರಪಂಚದ ಕಾರು ಕಂಪನಿಗಳು ಚಿಪ್‌ಗಳಿಗೆ ಕೊಟ್ಟಿದ್ದ ಬೇಡಿಕೆಯನ್ನು ರದ್ದು ಮಾಡಿದವು. ಮನೆಯಲ್ಲೇ ಕೂತ ಜನ ಲ್ಯಾಪ್‌ಟಾಪು, ಫೋನು ಕೊಂಡರು. ಚಿಪ್ಪಿನ ಕಾರ್ಖಾನೆಗಳು ಅತ್ತ ತಿರುಗಿದವು. ಜನಕ್ಕೆ ಬಸ್ಸು ರೈಲು ಬೇಡವಾಗಿ ಕಾರು ಬೇಕೆನಿಸಿದಾಗ ಚಿಪ್ಪೇ ಇಲ್ಲ. ಅದರ ಮೇಲೆ 2021ರ ಮಾರ್ಚಿನಲ್ಲಿ ಜಪಾನಿನ ನಾಕಾ ಎಂಬಲ್ಲಿ ರೆನೆಸಾಸ್ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಹೊಸ ಕಾರಿಗೆ ತಿಂಗಳುಗಟ್ಟಲೆ ಕಾಯಬೇಕಾದಾಗ ಹಳೆಯ ಕಾರಿಗೆ ಕೊಂಬು ಬರುವುದು ಸಹಜವೇ. ಅಮೆರಿಕದಲ್ಲಿ 2022ರ ಜನವರಿಯಲ್ಲಿ ಹಳೆಯ ಕಾರುಗಳ ಬೆಲೆ ಹಿಂದಿನ ಜನವರಿಗಿಂತ ಶೇಕಡ 40ರಷ್ಟು ಹೆಚ್ಚಾಗಿತ್ತು. ನಮ್ಮ ಪೋಲೋಗೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಅದೇ ವರ್ಷ ಕಂಪನಿಯವರು ಭಾರತದಲ್ಲಿ ಆ ಕಾರಿನ ತಯಾರಿಕೆಯನ್ನೇ ನಿಲ್ಲಿಸಿದರು.

"ಇನ್ನು ಹುಟ್ಟಲ್ಲ ಮೇಡಂ ಇದು. ಬಂಗಾರ ಇದ್ದ ಹಾಗೆ" ಎಂದ ಮಾರುವ ಹುಡುಗ, ಬೆಂಗಳೂರಿನಿಂದ ಫೋನಿನಲ್ಲಿ. ಹೊಸದಾಗಿ ಅವನು ಕೊಟ್ಟಿದ್ದು 11 ಲಕ್ಷದ ಹತ್ತಿರವಂತೆ.

ಬಂಗಾರದ ವಿಷಯವನ್ನು ಹೆಂಗಸರ ಹತ್ತಿರ ಹೇಳಬಾರದು. ಹಳೆಯ ಬಳೆ ಹಾಕಿ ಹೊಸದು ಮಾಡಿಸುವಾಗ ಸವಕಳಿ ಎಂದು ಅಂಗಡಿಯವರು ಎಷ್ಟು ಹಿಡಿಯುತ್ತಾರೆ ಎಂಬುದು ನಮಗೆ ಗೊತ್ತು. ಬಳೆ ಬೀರುವಿನಲ್ಲಿದ್ದರೆ ಸವೆಯುವುದಿಲ್ಲ. ಕಾರು ನಿಂತಲ್ಲೇ ಸವೆಯುತ್ತದೆ. ನನಗೇನೋ ಅದು ಬಂಗಾರಕ್ಕಿಂತ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆಯ ಕನಕಾಂಬರದ ಹಾಗೆ ಕಂಡಿತು. ಹೂವು ಅದೇ, ಮಾರುವವಳೂ ಅವಳೇ; ಆದರೆ ಆ ಸಂಜೆ ಮೊಳಕ್ಕೆ ಅವಳು ಹೇಳಿದ್ದೇ ಬೆಲೆ. ದೇವಿಗೆ ನಾಳೆ ಬಾ ಎನ್ನಲಾಗುವುದಿಲ್ಲವಲ್ಲ, ಕೊಡುತ್ತೇವೆ. ನನ್ನ ಕಾರಿಗೆ ಅಂಥ ಹಬ್ಬವೇನಿತ್ತು?

ಹಾಗಾದರೆ ಕಾಯಬಹುದು ಎಂದು ತಕ್ಷಣ ತೀರ್ಮಾನಿಸಿಬಿಡುತ್ತಿದ್ದೆ, ಅಪ್ಪನ ಸ್ಕೂಟರು ನೆನಪಾಗದಿದ್ದರೆ. ಅಪ್ಪ 1978ರಲ್ಲಿ ಬಜಾಜ್ ಚೇತಕ್‌ಗೆ ಹೆಸರು ಬರೆಸಿದ್ದರು. ಆಗೆಲ್ಲ ಅದಕ್ಕೆ ವರ್ಷಗಟ್ಟಲೆ ಸರದಿ, ಕೆಲವರಿಗೆ ಹತ್ತು ವರ್ಷವೂ ಆಗುತ್ತಿತ್ತು. ಸರದಿ ಬಂದವರು ಸ್ಕೂಟರನ್ನು ಮನೆಗೂ ತಾರದೆ ಮಾರಿ ಲಾಭ ಮಾಡಿಕೊಳ್ಳುತ್ತಿದ್ದ ಕಾಲ. ಹೊಸದಕ್ಕಿಂತ ಹಳೆಯದಕ್ಕೇ ರೇಟು ಜಾಸ್ತಿ. ಅಪ್ಪ ತತ್ವದ ಮನುಷ್ಯ, ಮೇಲೆ ಒಂದು ಪೈಸೆ ಕೊಡುವುದಿಲ್ಲ ಎಂದು ಎಂಟು ವರ್ಷ ಸೈಕಲ್ ತುಳಿದರು. ಸ್ಕೂಟರು ಬಂದಾಗ 1986. ಅಷ್ಟರಲ್ಲಿ ಅಮ್ಮನಿಗೆ ಮಂಡಿನೋವು, ಹತ್ತಿ ಕೂರಲು ಭಯ. ಸ್ಕೂಟರಿನ ಹಿಂದೆ ಕೂತು ಗೊರೂರಿನ ಅಣೆಕಟ್ಟು ನೋಡಬೇಕೆಂದು ಅವಳು ಹೇಳುತ್ತಿದ್ದದ್ದು ನನಗೆ ನೆನಪಿದೆ. ಅಪ್ಪ ದುಡ್ಡು ಉಳಿಸಿದ್ದೂ ನಿಜ.

ಆದ್ದರಿಂದ ಕಾಯುವುದು ಬಿಟ್ಟಿಯಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿದು, ಕಾರು ನೋಡಲು ಬೆಂಗಳೂರಿಗೆ ಹೊರಟೆ. ಜೊತೆಗೆ ನಮ್ಮ ಮೆಕ್ಯಾನಿಕ್ ಸಾಹೇಬರು. ಆ ತಿಂಗಳ ಮೊದಲಲ್ಲೇ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಮಳೆನೀರು ನುಗ್ಗಿ ದೊಡ್ಡ ದೊಡ್ಡ ಕಾರುಗಳೆಲ್ಲ ಮುಳುಗಿದ್ದವು. ಅಂಥವು ತೊಳೆಸಿಕೊಂಡು ಮಾರಾಟಕ್ಕೆ ಬರುತ್ತವೆ ಎಂದು ಸಾಹೇಬರು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ನೋಡಿದರು, ನೆಲದ ಹಾಸನ್ನು ಎತ್ತಿ ಮೂಸಿದರು. ಬಾಗಿಲು, ಬಾನೆಟ್ಟುಗಳ ಮೇಲೆಲ್ಲ ನಾನು ಆಯಸ್ಕಾಂತ ಆಡಿಸಿದೆ. ನಮ್ಮ ವಿಜ್ಞಾನದ ಮೇಡಂ ಕೊಟ್ಟು ಕಳಿಸಿದ್ದು ಅದು. ಗುದ್ದಿದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಅಲ್ಲಿ ಹಿಡಿಯುವುದಿಲ್ಲ. ಎಲ್ಲ ಕಡೆಯೂ ಹಿಡಿಯಿತು. ಕಾರು ಚೊಕ್ಕವಾಗಿತ್ತು. ಕರ್ನಾಟಕದ್ದೇ ನೋಂದಣಿಯಾದ್ದರಿಂದ ಜೀವಾವಧಿ ತೆರಿಗೆಯನ್ನು ಮತ್ತೆ ಕಟ್ಟುವಂತಿರಲಿಲ್ಲ. "ಗೇರ್‌ಬಾಕ್ಸು ಮಾತ್ರ ಕೈ ಕೊಟ್ಟರೆ ಲಕ್ಷದ ಮೇಲೆ ಮೇಡಂ" ಎಂದು ಸಾಹೇಬರು ಕಿವಿಯಲ್ಲಿ ಹೇಳಿದರು.

ನನ್ನ ಕಣ್ಣು ತೆರೆಸಿದ್ದು ಮಾತ್ರ ಕಾರಲ್ಲ, ಅದರ ವಿಮೆಯ ಕಾಗದ. ವಿಮೆಯವರು ಕಾರಿಗೊಂದು ಬೆಲೆ ಕಟ್ಟಿರುತ್ತಾರೆ. ಕಳುವಾದರೆ, ಪೂರ್ತಿ ಜಖಂ ಆದರೆ ಕೊಡುವುದು ಅಷ್ಟೇ. ವರ್ಷ ಕಳೆದಂತೆ ಅದು ಇಳಿಯುತ್ತದೆ, ಐದನೆಯ ವರ್ಷಕ್ಕೆ ಕಂಪನಿಯ ಬೆಲೆಯಲ್ಲಿ ಅರ್ಧ. ಈ ಕಾರಿನ ಕಾಗದದಲ್ಲಿ ಇದ್ದದ್ದು 5 ಲಕ್ಷ 10 ಸಾವಿರ. ಅಂದರೆ ನಾನು 8 ಲಕ್ಷ 40 ಸಾವಿರ ಕೊಟ್ಟು ಕೊಂಡು, ನಾಳೆ ಬೆಳಿಗ್ಗೆ ಕಾರು ಕಳುವಾದರೆ 3 ಲಕ್ಷ 30 ಸಾವಿರ ಗಾಳಿಗೆ. ವಿಮೆಯವರೊಡನೆ ಚೌಕಾಸಿ ಮಾಡಿದರೆ ಸ್ವಲ್ಪ ಏರಿಸಿಯಾರು, ಆದರೆ ಆ ವರ್ಷದ ಬರದಿಂದಾಗಿ ಏರಿದ ಬೆಲೆಗೆ ಯಾರೂ ಹೊಣೆಯಲ್ಲ. ಕಾರಿನ ಬೆಲೆ ಒಂದು, ಬರದ ಬೆಲೆ ಇನ್ನೊಂದು. ಎರಡನ್ನೂ ಸೇರಿಸಿ ಒಂದೇ ಚೀಟಿಯಲ್ಲಿ ಬರೆದಿದ್ದರು.

ಅವತ್ತು ರಾತ್ರಿ ಕೂತು ನಾನೂ ಒಂದು ಚೀಟಿ ಬರೆದೆ. ಕಾರಿಗೆ 5 ಲಕ್ಷ 10 ಸಾವಿರ. ಬರಕ್ಕೆ ಸೊನ್ನೆ. ಅದರ ಕೆಳಗೆ "ನನ್ನ ಆಸೆಗೆ" ಎಂದು ಬರೆದು ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತೆ. ಮೂವತ್ತು ವರ್ಷ ಸಂಸಾರದ ಲೆಕ್ಕ ಬರೆದವಳು ನಾನು. ಹಾಲು, ಫೀಸು, ಬಾಡಿಗೆ, ಮುಯ್ಯಿ ಎಲ್ಲಕ್ಕೂ ಸಾಲು ಎಳೆದಿದ್ದೇನೆ. ಈ ಹೆಸರಿನ ಸಾಲನ್ನು ಎಂದೂ ಎಳೆದಿರಲಿಲ್ಲ. ಕೊನೆಗೆ ಹೀಗೆ ಲೆಕ್ಕ ಹಾಕಿದೆ. ಹತ್ತು ವರ್ಷ ಓಡಿಸುತ್ತೇನೆ. ತಿಂಗಳಿಗೆ ಸಾವಿರ ಚಿಲ್ಲರೆ ರೂಪಾಯಿಯ ಸಂತೋಷ ಅತಿಯಲ್ಲ. 1 ಲಕ್ಷ 25 ಸಾವಿರ. ಒಟ್ಟು 6 ಲಕ್ಷ 35 ಸಾವಿರ.

ಚೀಟಿಯನ್ನು ನೋಡಿದ ನಮ್ಮವರು ಮೊದಲ ಸಾಲಿನ ಬಗ್ಗೆ ಏನೂ ಹೇಳಲಿಲ್ಲ. ಮೂರನೆಯದರ ಮೇಲೆ ಬೆರಳಿಟ್ಟು "ಇದೇನು?" ಎಂದರು. ಓದಿ ನೋಡಿ ಎಂದೆ.

ಮಾರುವ ಹುಡುಗ ಮರ್ಯಾದಸ್ಥ. ನನ್ನ ಬೆಲೆಯನ್ನು ಕೇಳಿ ನಗಲಿಲ್ಲ. "ಆಗಲ್ಲ ಮೇಡಂ" ಎಂದ. ಎರಡು ವಾರದಲ್ಲಿ 8 ಲಕ್ಷದ ಮೇಲೆ ಯಾರಿಗೋ ಕೊಟ್ಟನಂತೆ. ಕೊಂಡವರಿಗೆ ಹಬ್ಬವಿತ್ತೋ ಏನೋ. ನಾಲ್ಕು ದಿನ ನನಗೆ ಊಟ ರುಚಿಸಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ.

ನನ್ನ ಬೆಲೆಯನ್ನು ನಾನು ಏರಿಸಲಿಲ್ಲ, ಮೂರನೆಯ ಸಾಲನ್ನು ಹೊಡೆದುಹಾಕಲೂ ಇಲ್ಲ. 6 ಲಕ್ಷ 35 ಸಾವಿರವನ್ನು ಬ್ಯಾಂಕಿನಲ್ಲಿ ಬೇರೆಯಾಗಿಯೇ ಇಟ್ಟಿದ್ದೇನೆ. ಉಳಿದದ್ದು ತಾರಸಿಗೆ ಹೋಯಿತು. ಕೋಣೆಗೆ ಟೈಲ್ಸ್ ಸಾಲದೆ ಬಂದಾಗ ನಮ್ಮವರು ಒಂದು ಸಲ ಮೆಲ್ಲಗೆ ಕೇಳಿ ನೋಡಿದರು. ಸಿಮೆಂಟಿನ ನೆಲವೇ ತಂಪು ಎಂದೆ. ಸಾಹೇಬರಿಗೆ ಹೇಳಿಟ್ಟಿದ್ದೇನೆ. ಮೊನ್ನೆ ಫೋನು ಮಾಡಿದ್ದರು, ಶಿವಮೊಗ್ಗದಲ್ಲಿ ಒಂದಿದೆಯಂತೆ, ಬೆಲೆ ಇನ್ನೂ ಹೇಳಿಲ್ಲವಂತೆ. ಭಾನುವಾರ ಹೋಗುತ್ತಿದ್ದೇವೆ. ವಿಜ್ಞಾನದ ಮೇಡಂ ಹತ್ತಿರ ಆಯಸ್ಕಾಂತ ಮತ್ತೆ ಕೇಳಿದ್ದೇನೆ.