ಹೊಗೆಯ ಎಂಜಿನ್, ತಂತಿಯ ಎಂಜಿನ್

ಸಿರುಗುಪ್ಪ ಸೀಮೆಯ ದೇಶನೂರಿಗೆ ರೈಲುಹಳಿಯಿಲ್ಲ. ಎಂಜಿನ್ನಿನ ದನಿ ಕೇಳಬೇಕಾದರೆ ಬಳ್ಳಾರಿಗೇ ಹೋಗಬೇಕು. ರೈಲುಪ್ರಿಯರ ವಾದವೂ ಬಹುಮಟ್ಟಿಗೆ ಈ ದನಿಯದೇ. 2600 ಅಶ್ವಶಕ್ತಿಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ನಿಂತಲ್ಲೇ ಗುಡುಗುಡಿಸುತ್ತಿತ್ತು, ಹೊರಡುವಾಗ ಕರಿಹೊಗೆ ಕಾರುತ್ತಿತ್ತು. ಅದಕ್ಕೆ ಜೀವವಿತ್ತೆಂಬುದು ಹಿರಿಯರ ಪಟ್ಟು. ಆದರೆ ಅವರು ಆ ಸದ್ದನ್ನು ಕೇಳಿದ್ದು ಪ್ಲಾಟ್‌ಫಾರ್ಮಿನಲ್ಲಿ, ಹತ್ತು ನಿಮಿಷ. ಚಾಲಕನು ಕೇಳಿದ್ದು ಇರುಳುದ್ದಕ್ಕೂ. ಈ ಭೇದವನ್ನು ಮರೆತ ಹೋಲಿಕೆ ಅರೆಬರೆಯದು.

ಈಗ ಬಳ್ಳಾರಿ ಮಾರ್ಗಕ್ಕೂ ವಿದ್ಯುತ್ ತಂತಿ ಬಂದಿದೆ. 6000 ಅಶ್ವಶಕ್ತಿಯನ್ನು ಮೀರಿದ ಡಬ್ಲ್ಯುಎಪಿ-7 ಮಾದರಿಯ ವಿದ್ಯುತ್ ಎಂಜಿನ್ ಹೊಗೆಯಿಲ್ಲದೆ ವೇಗ ಹಿಡಿಯುತ್ತದೆ. ಅಗತ್ಯ ಸಲಕರಣೆಯಿದ್ದರೆ ತಂತಿಯ ವಿದ್ಯುತ್ತನ್ನೇ ಬೋಗಿಗಳ ದೀಪಕ್ಕೂ ಫ್ಯಾನಿಗೂ ಹಂಚುತ್ತದೆ. ಆಗ ರೈಲಿನ ತುದಿಯಲ್ಲಿ ಅಬ್ಬರಿಸುತ್ತಿದ್ದ ಡೀಸೆಲ್ ಜನರೇಟರುಗಳೂ ಸುಮ್ಮನಾಗುತ್ತವೆ.